ಹುಳದ ಮನೆಯ ಹೊಸ್ತಿಲು

ಕೂಟಗಲ್
18-4-2005

ಲತಾ,

ಯುಗಾದಿಗೆ ಬರುತ್ತೀಯ ಎಂದು ನಿನ್ನ ಅತ್ತಿಗೆ ಒಬ್ಬಟ್ಟು ಎತ್ತಿಟ್ಟು ಕಾದಳು. ಮೂರನೇ ದಿನ ಅದನ್ನು ಹಸುವಿಗೆ ಹಾಕಿದೆವು. ಫೋನು ಮಾಡಿದರೆ ನಿನ್ನ ಗಂಡ ಲೋಕೇಶ ಎತ್ತಿ, "ಅವ್ಳು ಹೊಲಕ್ಕೋಗವ್ಳೆ ಭಾವ" ಎನ್ನುತ್ತಾನೆ. ಏಳು ಸಲ ಮಾಡಿದೆ, ಏಳು ಸಲವೂ ಹೊಲ. ಅಷ್ಟು ಹೊಲ ನಿಮಗಿಲ್ಲವೆಂದು ನನಗೆ ಗೊತ್ತು. ಅದಕ್ಕೇ ಈ ಕಾಗದ.

ವಿಷಯ ಇಷ್ಟು. ಜುಲೈ ಕೊನೆಗೆ ಅವ್ವ ಹೋಗಿ ವರ್ಷ ತುಂಬುತ್ತದೆ. ಎಡೆ ಇಡಬೇಕು, ನೆಂಟರಿಷ್ಟರನ್ನು ಕರೆಯಬೇಕು. ರಾಮನಗರದ ಪ್ರೆಸ್ಸಿನಲ್ಲಿ ಅವ್ವನ ಫೋಟೋ ಹಾಕಿ ಒಂದು ಕಾರ್ಡು ಮಾಡಿಸೋಣ ಎಂದಿದ್ದೇನೆ. ಈಗ ಎಲ್ಲರೂ ಮಾಡಿಸುತ್ತಾರೆ. ಫೋಟೋದ ಕೆಳಗೆ ಹತ್ತು ಸಾಲು ಬೇಕಂತೆ, ಸತ್ತವರ ಬಾಳು ಹೇಗಿತ್ತು, ಏನು ಮಾಡಿದರು ಎಂದು. ನಾನೇ ಬರೆಯಲು ಕೂತೆ. "ಕೆಂಚಮ್ಮನವರು ರೇಷ್ಮೆ ಹುಳ ಸಾಕುತ್ತಿದ್ದರು" ಎಂದು ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ನೀನು ಪಿಯುಸಿ ಓದಿದವಳು, ಚಿಕ್ಕಂದಿನಿಂದ ಮಾತಿನ ಮಲ್ಲಿ. ನೀನೇ ಬರೆದು ಕಳಿಸು.

ಸಿರಿಯ ಪರೀಕ್ಷೆ ಮುಗಿದಿರಬೇಕು. ಹತ್ತನೇ ಕ್ಲಾಸು ದಾಟುತ್ತಾಳೆ ತಾನೆ? ಇಲ್ಲಿ ಗ್ರಾನೈಟ್ ಕಾರ್ಖಾನೆಯವರು ಇನ್ನೊಂದು ಶೆಡ್ಡು ಎಬ್ಬಿಸುತ್ತಿದ್ದಾರೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದರೆ ಧೂಳು ಕೊಡವಿಯೇ ಹುಳಕ್ಕೆ ಹಾಕಬೇಕು. ಬೇರೇನೂ ವಿಶೇಷವಿಲ್ಲ.

ನಿನ್ನ ಅಣ್ಣ,
ಅನಂತರಾಜು


ಕೋಡಿಹಳ್ಳಿ
2-5-2005

ಅಣ್ಣನಿಗೆ ನಮಸ್ಕಾರ.

ನಾನು ಹೊಲದಲ್ಲಿರಲಿಲ್ಲ. ಏಳು ಸಲವೂ ಫೋನಿನ ಪಕ್ಕದಲ್ಲೇ ಕೂತು ರಾಗಿ ಕೇರುತ್ತಿದ್ದೆ. ನಿನ್ನ ಜೊತೆ ಮಾತಾಡಿದರೆ ನನ್ನ ಗಂಟಲು ಏರುತ್ತದೆ, ಪಕ್ಕದ ಮನೆಯವರಿಗೆ ಪುಕ್ಕಟೆ ನಾಟಕ. ಕಾಗದದಲ್ಲಿ ಕೂಗಾಡಲು ಬರುವುದಿಲ್ಲ, ಅಷ್ಟು ಒಳ್ಳೆಯದು.

ಹತ್ತು ಸಾಲು ಕೇಳಿದ್ದೀಯ. ಒಂಬತ್ತು ಬರೆದಿದ್ದೇನೆ. ಕಾರ್ಡು ಪೇಟೆಯವರ ಕೈಗೂ ಹೋಗುತ್ತದಲ್ಲ, ಅವರಿಗೂ ತಿಳಿಯುವ ಹಾಗೆ ಬರೆದಿದ್ದೇನೆ, ಓದಿಕೋ.

"ಕೆಂಚಮ್ಮ ಸಾವನದುರ್ಗದ ತಪ್ಪಲಿನವಳು; ಹದಿನಾಲ್ಕಕ್ಕೆ ಕೂಟಗಲ್ಲಿಗೆ ಸೊಸೆಯಾಗಿ ಬಂದು, ಇಲ್ಲಿನ ಬೆಟ್ಟ ನೋಡಿ 'ಇದೂ ಒಂದು ಬೆಟ್ಟವಾ' ಎಂದು ಮೂಗು ಮುರಿದವಳು. ಗಂಡ ಬೋರಲಿಂಗಯ್ಯ ತೀರಿಕೊಂಡಾಗ ಮಗನಿಗೆ ಹತ್ತು, ಮಗಳಿಗೆ ಆರು; ಅವತ್ತು ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಸೂತಕದವರು ಹುಳದ ಮನೆಯ ಹೊಸ್ತಿಲು ದಾಟಬಾರದೆಂದು ಅವಳು ಕಿಟಕಿಯ ಹೊರಗೆ ನಿಂತು, ಪಕ್ಕದ ಮನೆಯ ಮುನಿತಾಯಮ್ಮನಿಗೆ ಒಂದೊಂದೇ ಹೇಳಿಕೊಟ್ಟು, ಒಂದು ತಟ್ಟೆ ಹುಳವೂ ಕೆಡದಂತೆ ಬೆಳೆ ತೆಗೆದಳು. ಹುಳ ಪೊರೆ ಬಿಡಲು ಜ್ವರಕ್ಕೆ ಕೂತರೆ ಅವಳ ಮನೆಯಲ್ಲಿ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಜಗಳ ಇಲ್ಲ. ಎಲೆಅಡಿಕೆ ಬಾಯಿಯವರನ್ನು ಬಾಗಿಲಲ್ಲೇ ನಿಲ್ಲಿಸಿ ಬಾಯಿ ತೊಳೆಸುತ್ತಿದ್ದಳು, ಸ್ವಂತ ಬೀಗರನ್ನೂ ಬಿಡಲಿಲ್ಲ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನದು ಬದುಕಿದೆಯೋ ಸತ್ತಿದೆಯೋ ಹೇಳುತ್ತಿದ್ದಳು. ಮೊಮ್ಮಗಳು ಸಿರಿ ಹುಟ್ಟಿದ್ದು ಆ ಮನೆಯಲ್ಲೇ; ಮಗುವಿನ ಅಂಗೈ ಮೆತ್ತಗೆ ಎಂದು ಮೂರು ವರ್ಷದವಳ ಕೈಯಿಂದಲೇ ಮೊದಲ ಹಣ್ಣು ಹುಳವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡಿಸುತ್ತಿದ್ದಳು. ಕಾರ್ಖಾನೆ ಬಂದ ಮೇಲೆ ಅದರ ಸೈರನ್ನಿಗೆ ಸೊಪ್ಪು ಹಾಕುವ ಹೊತ್ತು ಹೊಂದಿಸಿಕೊಂಡು, ಅದೇ ಸೈರನ್ನಿಗೆ ಬೈಯುತ್ತಲೂ ಇದ್ದಳು. ನಲವತ್ತೈದು ವರ್ಷದಲ್ಲಿ ಒಂದು ಬೆಳೆಗೂ ಅವಳ ಕೈ ತಪ್ಪಿದ್ದಿಲ್ಲ."

ಹತ್ತನೆಯದನ್ನು "ಕೊನೆಯ ದಿನಗಳಲ್ಲಿ" ಎಂದು ಶುರುಮಾಡಿ ನಿಲ್ಲಿಸಿದೆ. ಕೊನೆಯ ದಿನಗಳಲ್ಲಿ ಏನಾಯಿತೆಂದು ನನಗೆ ಗೊತ್ತಿಲ್ಲ. ನಿನಗೆ ಗೊತ್ತು.

ಹೆಣಕ್ಕೆ ನೀರು ಹಾಕುವಾಗ ಅವ್ವನ ಎಡಗೈ ಹೆಬ್ಬೆರಳಿಗೆ ನೇರಳೆ ಬಣ್ಣದ ಮಸಿ ಅಂಟಿತ್ತು. ಸೀಗೆಪುಡಿ ಹಾಕಿ ಉಜ್ಜಿದೆ, ಹೋಗಲಿಲ್ಲ. ಮಸಿ ಅಷ್ಟು ಹೊಸದು; ಸಾಯುವ ಒಂದೆರಡು ದಿನ ಮುಂಚೆ ಅವ್ವನ ಹೆಬ್ಬೆಟ್ಟನ್ನು ಯಾವ ಕಾಗದಕ್ಕೆ ಒತ್ತಿಸಿಕೊಂಡೆ? ಕಾರ್ಖಾನೆಯವರ ಕಣ್ಣು ನಮ್ಮ ಹಿಪ್ಪುನೇರಳೆ ತೋಟದ ಮೇಲಿದೆ ಎಂದು ಊರಿಗೆಲ್ಲ ಗೊತ್ತು. ನನಗೆ ಪಾಲು ಗೀಲು ಬೇಡ. ಆದರೆ ಅಕ್ಷರ ಬಾರದ ಮುದುಕಿಗೆ ಏನು ಹೇಳಿ ಒತ್ತಿಸಿದೆ ಎಂದು ತಿಳಿಯಬೇಕು.

ಹನ್ನೊಂದನೇ ದಿನ ಮುನಿತಾಯಮ್ಮ ನನ್ನನ್ನು ಹಿತ್ತಲಿಗೆ ಕರೆದು ಇನ್ನೊಂದು ಮಾತು ಹೇಳಿದಳು. "ಎಂಟ್ ತಿಂಗ್ಳಿಂದ ನಿಮ್ಮಣ್ಣ ಅವ್ವನ್ನ ಹುಳದ್ ಮನೆ ಒಳಕ್ಕೆ ಬುಡ್ತಿರ್ನಿಲ್ಲ ಕಣವ್ವ. ಆಯಮ್ಮ ಹೊಸ್ಲತ್ರ ಕುಂತ್ಕಂಡು ಒಳಕ್ಕೆ ನೋಡ್ತಿತ್ತು." ನಾನು ನಿನ್ನ ಕಡೆ ನೋಡಿದೆ. ನೀನು ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದೆ. ಅವತ್ತಿನಿಂದ ನಿನ್ನ ಫೋನು ಎತ್ತಲು ನನಗೆ ಮನಸ್ಸಾಗಿಲ್ಲ.

ಉತ್ತರ ಬಂದರೆ ಹತ್ತನೇ ಸಾಲು ಬರುತ್ತದೆ. ಇಲ್ಲದಿದ್ದರೆ ಒಂಬತ್ತಕ್ಕೇ ಅಚ್ಚು ಹಾಕಿಸು.

ನಿನ್ನ ತಂಗಿ,
ಲತಾಮಣಿ


ಕೂಟಗಲ್
11-5-2005

ಲತಾ,

ಮಸಿಯ ಉತ್ತರ ಇದರ ಜೊತೆ ಇಟ್ಟಿದ್ದೇನೆ, ಜೆರಾಕ್ಸು. ತೋಟ ಬಿಡುವುದಿಲ್ಲ ಎಂದು ತಾಲ್ಲೂಕು ಕಚೇರಿಗೆ ಕೊಟ್ಟ ತಕರಾರು ಅರ್ಜಿ. ಓದಿ ಹೇಳಿದ ಮೇಲೆಯೇ ಅವ್ವ ಒತ್ತಿದ್ದು. ಒತ್ತಿಯಾದ ಮೇಲೆ "ಇನ್ನೊಂದ್ಕಿತ ಒತ್ತನಾ? ಒಸಿ ಗಟ್ಟಿಯಾಗ್ಲಿ" ಅಂದಳು. ಗುಮಾಸ್ತ ನಕ್ಕುಬಿಟ್ಟ. ಕೆಳಗೆ ನೋಡು, ಎರಡನೆಯದೂ ಇದೆ. ತಾರೀಖೂ ನೋಡಿಕೋ. ಸಣ್ಣಗೆ ಕಂಡರೆ ಲೋಕೇಶನ ಕನ್ನಡಕ ಹಾಕಿಕೋ.

ಹೆಣದ ಮುಂದೆ ಕೂತುಕೊಂಡು ನನ್ನನ್ನು ಕಳ್ಳ ಎಂದುಕೊಂಡೆ. ಹತ್ತು ತಿಂಗಳು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಿದೆ. ನೀನೊಬ್ಬಳು ಪುಣ್ಯಾತ್ಗಿತ್ತಿ.

ಒಂಬತ್ತು ಸಾಲು ಚೆನ್ನಾಗಿವೆ. ನಿನ್ನ ಅತ್ತಿಗೆ ಓದಿಸಿಕೊಂಡು ಅತ್ತಳು. ಆದರೆ ಕೊನೆಯದು ಸುಳ್ಳು, ಅದು ನಿನಗೂ ಗೊತ್ತು. 2003ರ ಕಾರ್ತಿಕದ ಬೆಳೆ ಪೂರ್ತಿ ಸುಣ್ಣಕಟ್ಟಿಗೆ ಹೋಯಿತು. ಎಂಟೇ ದಿನದಲ್ಲಿ ಅಷ್ಟೂ ಹುಳ ಸೆಟೆದು ಸುಣ್ಣದ ಕಡ್ಡಿಯಂತಾದವು. ಬುಟ್ಟಿ ಬುಟ್ಟಿ ಹೊತ್ತು ಗುಂಡಿಗೆ ಸುರಿದೆ. ನೀನು ಬಂದು ಹೋದ ಮಾರನೇ ತಿಂಗಳೇ ಅದು.

ಅವ್ವನನ್ನು ಹುಳದ ಮನೆಗೆ ಬಿಡಲಿಲ್ಲ, ನಿಜ. ಬಿಡದಿರಲು ಕಾರಣ ಇತ್ತು. ತಪ್ಪು ಅವಳದೇ, ತಾನೇ ಬಾಯಿಬಿಟ್ಟು ಒಪ್ಪಿಕೊಂಡಳು. ಸತ್ತವಳ ತಪ್ಪನ್ನು ಅಂಚೆಯಲ್ಲಿ ಹಾಕಿ ಊರೂರು ತಿರುಗಿಸುವವನು ನಾನಲ್ಲ. ಹತ್ತನೇ ಸಾಲಿಗೆ "ಕೊನೆಯ ದಿನಗಳಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು" ಎಂದು ಬರೆದು ಮುಗಿಸು.

ಅನಂತರಾಜು


ಕೋಡಿಹಳ್ಳಿ
20-5-2005

ಅಣ್ಣನಿಗೆ,

ಅರ್ಜಿ ನೋಡಿದೆ. ಎರಡು ಹೆಬ್ಬೆಟ್ಟೂ ನೋಡಿದೆ. ತಾರೀಖನ್ನು ಲೋಕೇಶನ ಕನ್ನಡಕ ಹಾಕಿಕೊಂಡೇ ನೋಡಿದೆ. ಆ ಅನುಮಾನ ಬಿಟ್ಟೆ. ತಪ್ಪಾಯಿತು ಎಂದು ಬರೆಯಬೇಕು, ಬರೆದಿದ್ದೇನೆ ಎಂದುಕೋ.

ಆದರೆ ವಿಶ್ರಾಂತಿಯ ಮಾತು ನನ್ನ ಹತ್ತಿರ ಬೇಡ. ಅವ್ವ ವಿಶ್ರಾಂತಿ ತೆಗೆದುಕೊಂಡಿದ್ದು ಒಂದೇ ದಿನ, ನಾವು ನೀರು ಹಾಕಿದ ದಿನ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಾಗಿಲು ಯಾಕೆ ಹಾಕಿದೆ ಎಂದು ನಾನು ಕೇಳಿದರೆ, ತಪ್ಪು ಅವ್ವನದು ಎನ್ನುತ್ತೀಯ. ಯಾವ ತಪ್ಪು ಎಂದರೆ ಬಾಯಿ ಬೀಗ. ಆ ಬೆಳೆ ಹೋಗಿದ್ದು ಕಾರ್ಖಾನೆ ಧೂಳಿಗೆ ಎಂದು ನೀನೇ ಅವತ್ತು ಊರೆಲ್ಲ ಸಾರಿದ್ದೆ. ದೊಣ್ಣೆ ಹಿಡಿದುಕೊಂಡು ಅವರ ಗೇಟಿಗೆ ಹೋಗಿದ್ದೆ ಎಂದು ನಮ್ಮೂರಿಗೂ ಸುದ್ದಿ ಬಂದಿತ್ತು. ಧೂಳಿನ ತಪ್ಪು ಅವ್ವನ ತಪ್ಪು ಯಾವಾಗ ಆಯಿತು? ಸತ್ತವಳು ಎದ್ದು ಬಂದು ಇಲ್ಲ ಎನ್ನುವುದಿಲ್ಲವೆಂದೇ?

ಗಂಡು ಮಕ್ಕಳು ಹೀಗೇ. ದುಡಿಯುವಾಗ ಅವ್ವ, ಕೆಟ್ಟಾಗ ಮುದುಕಿ.

ಸಿರಿಗೆ ರಜ ಇದೆ, ಪಾಸಾಗಿದ್ದಾಳೆ. ಅಜ್ಜಿ ಮನೆ ನೋಡಬೇಕಂತೆ, ಭಾನುವಾರ ಕನಕಪುರದಿಂದ ಬಸ್ಸು ಹತ್ತಿಸುತ್ತೇನೆ. ನಾನೇ ಹೇಳಿಕೊಟ್ಟು ಕಳಿಸುತ್ತಿದ್ದೇನೆ ಎಂದು ನಿನಗೆ ಅನ್ನಿಸುತ್ತದೆ. ಅನ್ನಿಸಲಿ.

ಲತಾಮಣಿ


ಕೂಟಗಲ್
27-5-2005

ಅಮ್ಮನಿಗೆ ಸಿರಿ ಬರೆಯುವುದು.

ನೀನು ಹೇಳಿದ ಹಾಗೆ ಎಲ್ಲ ನೋಡುತ್ತಿದ್ದೇನೆ, ಕೇಳುತ್ತಿದ್ದೇನೆ. ಪತ್ತೇದಾರಿ ಕೆಲಸ ಕಷ್ಟ, ಯಾಕೆಂದರೆ ಅತ್ತೆ ದಿನಾ ಕೋಳಿ ಸಾರು ಮಾಡಿ ಬಾಯಿ ಕಟ್ಟಿಹಾಕುತ್ತಾರೆ. ಮಾವ ನನಗಾಗಿ ಚನ್ನಪಟ್ಟಣದಿಂದ ಬಣ್ಣದ ಬುಗುರಿ ತಂದಿದ್ದಾರೆ. ನನಗೆ ಇನ್ನೂ ಆರು ವರ್ಷ ಎಂದುಕೊಂಡಿದ್ದಾರೆ.

ಅಜ್ಜಿಯ ಸೀರೆಗಳು ಹಾಗೇ ಇವೆ. ಮೂಸಿ ನೋಡಿದೆ, ಸೊಪ್ಪಿನ ವಾಸನೆ. ಅಜ್ಜಿ ಕೂರುತ್ತಿದ್ದ ಜಾಗ ಅತ್ತೆ ತೋರಿಸಿದರು. ಹುಳದ ಮನೆ ಹೊಸ್ತಿಲ ಹೊರಗೆ, ಗೋಡೆಗೆ ಒರಗಿಕೊಂಡು. ಗೋಡೆಯ ಮೇಲೆ ತಲೆ ತಾಗಿದ ಎಣ್ಣೆ ಕಲೆ ಇದೆ. ಅತ್ತೆ ಅದಕ್ಕೆ ಸುಣ್ಣ ಬಳಿದಿಲ್ಲ.

ನೀನು ಕೇಳು ಎಂದಿದ್ದನ್ನು ಮಾವನನ್ನೇ ಕೇಳಿದೆ. ಮೊದಲು ಬೈದರು. ಆಮೇಲೆ ಸೊಪ್ಪು ಕೊಯ್ಯುವಾಗ ತಾವಾಗಿಯೇ ಹೇಳಿದರು. ಬೆಳೆ ಹೋದಾಗ ಮಾವ ಕಾರ್ಖಾನೆಯವರ ಮೇಲೆ ಹೋದರಂತೆ, ಪೊಲೀಸ್ ಜೀಪು ಬಂತಂತೆ. ಮಾರನೇ ದಿನ ಹತ್ತು ಜನರನ್ನು ಕಟ್ಟಿಕೊಂಡು ಮತ್ತೆ ಹೊರಟಾಗ ಅಜ್ಜಿ ದಾರಿಗೆ ಅಡ್ಡ ನಿಂತು ಹೇಳಿದರಂತೆ: "ಧೂಳಲ್ಲ ಕಣ್ಲಾ, ನಾನೇ ಕೆಡ್ಸಿದ್ದು. ಹಿಂದಲ್ ಬೀದಿ ಅಂಕಯ್ಯನ ಸಾವಿಗೋಗಿದ್ದೋಳು ಮೈ ತೊಳೀದೆ ಹುಳದ್ ಮನೆಗೆ ಹೋಗ್ಬುಟ್ಟೆ. ವಯಸ್ಸಾಯ್ತು, ಗ್ಯಾನ ಇಲ್ಲ." ಅಷ್ಟೂ ಜನರ ಮುಂದೆ ಹೇಳಿದರಂತೆ. ಮಾವನಿಗೆ ತಲೆ ಎತ್ತಲು ಆಗಲಿಲ್ಲವಂತೆ. "ಹಂಗಾರೆ ಇನ್ಮ್ಯಾಕೆ ಒಳಕ್ಕೆ ಕಾಲಿಕ್ಕಬ್ಯಾಡ" ಎಂದುಬಿಟ್ಟರಂತೆ. ಅಷ್ಟು ಹೇಳಿ ಮಾವ ಕಟ್ಟಿದ್ದ ಸೊಪ್ಪಿನ ಹೊರೆಯನ್ನು ಬಿಚ್ಚಿ ಮತ್ತೆ ಕಟ್ಟಿದರು.

ನಿನ್ನೆ ಮುನಿತಾಯಮ್ಮಜ್ಜಿ ಕುರಿ ಹೊಡೆದುಕೊಂಡು ಬಂದಾಗ ಅವರನ್ನೂ ಕೇಳಿದೆ. ಅವರು ಹೇಳಿದ್ದು ಬೇರೆ. "ಅಂಕಯ್ಯನ್ ಸಾವಿಗೆ ನಾನೇ ಜತೇಲಿ ಹೋಗಿದ್ದೆ ಕಣ್ಮಗ. ನಿಮ್ಮಜ್ಜಿ ಬಂದೋಳೇ ತೊಟ್ಟಿ ತಾವ ತಲೆ ಮೇಲೆ ನೀರ್ ಹುಯ್ಕಂಡ್ಳು. ಬೆನ್ನಿಗೆ ನಾನೇ ಹುಯ್ದೆ. ಮೈ ತೊಳೀದೆ ಒಳಕ್ಕೋಗೋ ಹೆಂಗ್ಸಾ ಅದು?" ಎಂದರು. ಮತ್ತೆ ಯಾಕೆ ಹಾಗೆ ಹೇಳಿದರು ಎಂದೆ. ಮುನಿತಾಯಮ್ಮಜ್ಜಿಗೂ ಗೊತ್ತಿಲ್ಲ. ಆದರೆ ಬೆಳೆ ಕೆಟ್ಟ ದಿನ ಅಜ್ಜಿ ಇನ್ನೊಂದು ಕೆಲಸ ಮಾಡಿದರಂತೆ. "ನಾಕ್ ತಟ್ಟೆ, ಗಟ್ಟಿಮುಟ್ಟಾದ್ ಬಿದಿರ್ ತಟ್ಟೆ, ಮುರ್ದು ಮುರ್ದು ನೀರೊಲೆಗೆ ಇಕ್ಬುಟ್ಳು. ಯಾಕಕ್ಕ ಅಂದ್ರೆ ಗೆದ್ಲು ಹಿಡ್ದೈತೆ ಅಂದ್ಲು. ಗೆದ್ಲು ನಾ ಕಾಣೆ. ಒಂದ್ ತಟ್ಟೆ ತಿರುವಿ ಸಂದ್ನಾಗೆ ಏನೋ ಬೆಳ್ಳಗಿರೋದ್ನ ಉಗುರ್ನಾಗೆ ಕಿತ್ತು ನೋಡ್ತಾ ಕುಂತಿದ್ಳು, ಆಮ್ಯಾಕೆ ಇಕ್ಬುಟ್ಳು."

ಆ ತಟ್ಟೆಗಳ ಅಂಚಿಗೆ ಕೆಂಪು ಬಟ್ಟೆ ಚೂರು ಕಟ್ಟಿತ್ತಂತೆ.

ಅಮ್ಮ, ನಾವು ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಅಜ್ಜಿಗೆ ವಾಪಸ್ಸು ಕೊಟ್ಟ ನಾಲ್ಕು ತಟ್ಟೆಗೆ, ಬೇರೆಯವರದರ ಜೊತೆ ಸೇರಬಾರದೆಂದು ನೀನು ಕೆಂಪು ಸೀರೆ ಹರಿದು ಕಟ್ಟಿದ್ದೆ. ನಾನೇ ಗಂಟು ಹಾಕಿದ್ದೆ. ಅದರ ಹಿಂದಿನ ವಾರ ನಮ್ಮ ಹುಳ ಎಲ್ಲ ಬೆಳ್ಳಗಾಗಿ ಸತ್ತಿದ್ದವು, ತಿಪ್ಪೆಗೆ ಸುರಿದಿದ್ದೆವು. ಅಜ್ಜಿಗೆ ಹೇಳಬೇಡ ಎಂದು ಬಸ್ಸಿನಲ್ಲಿ ಹೇಳಿದ್ದೆ. ನಾನು ಹೇಳಲಿಲ್ಲ. ಈಗ ಮಾವನಿಗೂ ಹೇಳಿಲ್ಲ.

ಹೇಳಲೋ ಬೇಡವೋ ಬರಿ. ಇಲ್ಲದಿದ್ದರೆ ನಾನು ಬಂದುಬಿಡುತ್ತೇನೆ. ಇಲ್ಲಿ ಊಟ ಸೇರುತ್ತಿಲ್ಲ.

ಸಿರಿ


ಕೂಟಗಲ್
16-6-2005

ಲತಾ,

ಸಿರಿ ಬಂದು ಹೋಗಿ ಎರಡು ವಾರದ ಮೇಲಾಯಿತು. ನಿನ್ನ ಕಾಗದವಿಲ್ಲ. ಪ್ರೆಸ್ಸಿನವನು ಎರಡು ಸಲ ಹೇಳಿಕಳಿಸಿದ. ಜುಲೈ ಇಪ್ಪತ್ತಾರಕ್ಕೆ ಎಡೆ ಎಂದು ಗೊತ್ತುಮಾಡಿದ್ದೇವೆ.

ಆ ಮಗುವಿಗೆ ಏನು ಹೇಳಿಕೊಟ್ಟು ಕಳಿಸಿದ್ದೆ? ಮೊದಲ ನಾಲ್ಕು ದಿನ ನಕ್ಕೊಂಡು ಓಡಾಡಿಕೊಂಡಿತ್ತು. ಆಮೇಲೆ ಮಂಕಾಯಿತು. ಹೊರಡುವ ದಿನ ಹುಳ ಹಣ್ಣಾಗಿದ್ದವು, ಬಾ ಮಗಳೇ ಮೊದಲ ಹುಳ ಬಿಡು ಎಂದು ಕರೆದೆ. ಹೊಸ್ತಿಲಲ್ಲೇ ನಿಂತು ಅತ್ತಿತು, ಒಳಕ್ಕೆ ಬರಲಿಲ್ಲ. ನಾನು ಬೈದೆನೇನೋ ಎಂದು ನಿನ್ನ ಅತ್ತಿಗೆ ನನ್ನ ಮುಖವನ್ನೇ ನೋಡಿದಳು. ನನ್ನ ಮೇಲೆ ಇಲ್ಲಸಲ್ಲದ್ದು ತುಂಬಿದ್ದರೆ ಅದನ್ನು ನನಗೇ ನೇರ ಬರೆ. ಮಕ್ಕಳನ್ನು ನಡುವೆ ನಿಲ್ಲಿಸಬೇಡ.

ಅನಂತರಾಜು


ಕೋಡಿಹಳ್ಳಿ
24-6-2005

ಅಣ್ಣ,

ಇದು ಐದನೇ ಕಾಗದ. ನಾಲ್ಕನ್ನು ಬರೆದು ಒಲೆಗೆ ಹಾಕಿದೆ. ಇದನ್ನು ಸಿರಿಯ ಕೈಗೆ ಕೊಟ್ಟು ಡಬ್ಬಕ್ಕೆ ಹಾಕಿಸುತ್ತೇನೆ, ಮತ್ತೆ ಮನಸ್ಸು ಬದಲಾಯಿಸಬಾರದೆಂದು.

ಅವ್ವ ನಿನಗೆ ಸುಳ್ಳು ಹೇಳಿದಳು. ಅಂಕಯ್ಯನ ಸಾವಿನಿಂದ ಬಂದು ಅವಳು ಮೈ ತೊಳೆದೇ ಒಳಗೆ ಹೋಗಿದ್ದು. ಮುನಿತಾಯಮ್ಮನನ್ನು ಕೇಳು. ನಿನ್ನ ಹುಳ ಕೆಟ್ಟಿದ್ದು ಧೂಳಿಗೂ ಅಲ್ಲ, ಅವ್ವನಿಂದಲೂ ಅಲ್ಲ. ನನ್ನಿಂದ.

ಆ ವರ್ಷ ನಾವು ಇಲ್ಲಿ ಮೊದಲ ಸಲ ಹುಳ ತಂದೆವು. ನಾನೇ ಹಟ ಮಾಡಿ ಲೋಕೇಶನನ್ನು ಒಪ್ಪಿಸಿದ್ದೆ, ನಮ್ಮ ತವರಿನ ಕೆಲಸ, ನನಗೆ ಗೊತ್ತಿಲ್ಲದ್ದೇನು ಎಂದು. ತಟ್ಟೆ ಸಾಲದೆ ಅವ್ವನಿಂದ ನಾಲ್ಕು ತಂದಿದ್ದೆ. ನಿನಗೆ ನೆನಪಿರಬೇಕು, ತಟ್ಟೆ ಬಸ್ಸಿಗೆ ಏರಿಸುವಾಗ ನೀನು ನಕ್ಕಿದ್ದೆ. "ನಿನ್ ಕೈಗೆ ಹುಳ ಒಲಿಯಲ್ಲ ಕಣಮ್ಮಿ, ನೀನು ಪುಸ್ತಕ ಹಿಡ್ಕಂಡ್ ಕುಂತಿರು" ಎಂದಿದ್ದೆ. ನೀನು ತಮಾಷೆಗೆ ಅಂದಿದ್ದು. ನನಗೆ ಚುಚ್ಚಿಕೊಂಡಿತು.

ನಾಲ್ಕನೇ ವಾರಕ್ಕೆ ನಮ್ಮದು ಸುಣ್ಣಕಟ್ಟಿಗೆ ಹೋಯಿತು. ಒಂದು ಗೂಡೂ ಬರಲಿಲ್ಲ. ಅಣ್ಣನ ಹುಳಕ್ಕೆ ತಟ್ಟೆ ಬೇಕು, ತಂದುಕೊಡು ಎಂದು ಅವ್ವ ಹೇಳಿಕಳಿಸಿದಾಗ ನಾನು ಅವನ್ನು ಕೊಡವಿ, ಪೊರಕೆಯಲ್ಲಿ ಗುಡಿಸಿ, ಎರಡು ದಿನ ಬಿಸಿಲಿಗೆ ಇಟ್ಟೆ. ಬ್ಲೀಚಿಂಗ್ ಪುಡಿಯಲ್ಲಿ ತೊಳೆಯಬೇಕೆಂದು ನನಗೆ ಗೊತ್ತಿತ್ತು ಅಣ್ಣ. ಅವ್ವನೇ ಕಲಿಸಿದ್ದಳು. ತೊಳೆದರೆ ವಾಸನೆ ಬರುತ್ತದೆ, ವಾಸನೆ ಬಂದರೆ ಅವ್ವ ಕೇಳುತ್ತಾಳೆ, ಕೇಳಿದರೆ ನಿನಗೆ ಗೊತ್ತಾಗುತ್ತದೆ. ಅದಕ್ಕೇ ತೊಳೆಯಲಿಲ್ಲ.

"ಹೆಂಗ್ ಬಂತವ್ವ ಗೂಡು?" ಎಂದು ಅವ್ವ ಕೇಳಿದಳು. "ಬಂಗಾರ್ದಂಗ್ ಬಂತವ್ವ" ಎಂದೆ. ಅವಳು ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬೀದಿಗೆ ಹೋಗಿ, ಸಿಕ್ಕಿದವರಿಗೆಲ್ಲ "ನನ್ ಮಗ್ಳ ಕೈಗೂ ಹುಳ ಒಲ್ದೈತೆ" ಎಂದು ಹೇಳಿಕೊಂಡು ಬಂದಳು. ಆ ಸಂತೋಷದಲ್ಲಿ ಅವಳೂ ತೊಳೆಯಲಿಲ್ಲ. ಮಗಳು ಚೆನ್ನಾಗಿ ಬೆಳೆ ತೆಗೆದ ತಟ್ಟೆ, ಅದಕ್ಕೆ ಯಾಕೆ ತೊಳೆಯಬೇಕು?

ಬೆಳೆ ಹೋದ ಮೇಲೆ ಅವ್ವ ಆ ತಟ್ಟೆ ತಿರುವಿ ನೋಡಿದ್ದಾಳೆ. ಸಂದಿಯಲ್ಲಿ ಒಣಗಿದ ಬಿಳಿ ಹುಳ ಸಿಕ್ಕಿದೆ. ನಾಲ್ಕನ್ನೂ ಮುರಿದು ನೀರೊಲೆಗೆ ಹಾಕಿದ್ದಾಳೆ. ನೀನು ಜೈಲಿಗೆ ಹೋಗಬಾರದು, ನಾನು ನಿನ್ನ ಕಣ್ಣಲ್ಲಿ ಬೀಳಬಾರದು. ಎರಡಕ್ಕೂ ಸೇರಿಸಿ ತನ್ನ ಹೆಸರು ಹೇಳಿಕೊಂಡಳು.

ನನಗೆ ಗೊತ್ತಿತ್ತೇ ಎಂದು ಕೇಳುತ್ತೀಯ. ನಿನ್ನ ಬೆಳೆ ಹೋಯಿತು ಎಂದಾಗ ಮೊದಲು ನೆನಪಾಗಿದ್ದು ಆ ತಟ್ಟೆಗಳೇ. ಆಮೇಲೆ ಧೂಳು ಎಂದರು. ಹೌದು, ಧೂಳೇ ಎಂದುಕೊಂಡೆ. ಬಲವಂತವಾಗಿ ಅಂದುಕೊಂಡೆ. ಶಿವರಾತ್ರಿಗೆ ಅವ್ವ ಇಲ್ಲಿಗೆ ಬಂದವಳು, ಕೇಳದೆ ಹೇಳದೆ ಬ್ಲೀಚಿಂಗ್ ಪುಡಿ ಕಲಸಿ ಎರಡು ದಿನ ನಮ್ಮ ಮನೆಯ ಒಂದೊಂದು ತಟ್ಟೆಯನ್ನೂ, ಗೋಡೆಯನ್ನೂ, ನೆಲವನ್ನೂ ತಿಕ್ಕಿದಳು. ಅಂಗೈ ಸುಲಿದುಹೋಗಿತ್ತು. "ಸುಮ್ಕೆ ಕುಂತಿರಕಾಗಲ್ಲ ಕಣವ್ವ" ಎಂದಳು. ಮುದುಕಿಗೆ ಹುಳದ ಹುಚ್ಚು ಎಂದು ನಾನು ನಕ್ಕೆ. ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ನಾನು ಮತ್ತೆ ಸುಳ್ಳು ಹೇಳುತ್ತೇನೆಂದು ಅವಳಿಗೆ ಗೊತ್ತಿತ್ತು. ಅಲ್ಲಿಂದ ಈಚೆಗೆ ನಮ್ಮ ಬೆಳೆ ಒಂದೂ ಕೆಟ್ಟಿಲ್ಲ.

ನಿನ್ನ ಮೇಲೆ ಅನುಮಾನ ಪಟ್ಟುಕೊಂಡು ಇದ್ದಷ್ಟು ದಿನ ನನಗೆ ನನ್ನ ಕಡೆ ನೋಡಿಕೊಳ್ಳುವ ಕೆಲಸ ಇರಲಿಲ್ಲ.

ಹತ್ತನೇ ಸಾಲು ಇದೇ. ಅಚ್ಚು ಹಾಕಿಸುವುದಾದರೆ ಹಾಕಿಸು. ಎಡೆಯ ದಿನ ಬಾ ಎಂದರೆ ಬರುತ್ತೇನೆ, ಬೇಡ ಎಂದರೆ ಇಲ್ಲ.

ಲತಾ


ಕೋಡಿಹಳ್ಳಿ
4-8-2005

ಅಣ್ಣ,

ಎಡೆ ಆಯಿತಂತೆ. ಮುನಿತಾಯಮ್ಮನ ಮಗ ಮುತ್ತುರಾಜು ಕನಕಪುರದ ಸಂತೆಗೆ ಕುರಿ ತಂದಿದ್ದ, ಅಲ್ಲಿ ಸಿಕ್ಕಿ ಹೇಳಿದ. ನೀನು ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ಅವತ್ತು ಸೀರೆ ಉಟ್ಟು, ಬಾಗಿಲಲ್ಲಿ ಕೂತು, ಸಂಜೆಗೆ ಬಿಚ್ಚಿಟ್ಟೆ.

ಮುತ್ತುರಾಜು ಕಾರ್ಡು ಕೊಟ್ಟ. ಅವ್ವನ ಫೋಟೋ ಚೆನ್ನಾಗಿ ಬಂದಿದೆ. ಹೆಸರು, ಹುಟ್ಟಿದ್ದು, ಹೋಗಿದ್ದು. ಅದರ ಕೆಳಗೆ ಬಿಳಿ. ಸಿರಿ ಹಿಂದೆ ತಿರುಗಿಸಿ ನೋಡಿದಳು, ಅಲ್ಲೂ ಏನೂ ಇಲ್ಲ.

ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಊರವರ ಮುಂದೆ ಕರೆದು ಬೈದಿದ್ದರೂ ಸರಿ. ಸುಮ್ಮನಿದ್ದೀಯಲ್ಲ, ಏನು ಯೋಚಿಸುತ್ತಿದ್ದೀಯ ಎಂದು ದಿನಕ್ಕೆ ಹತ್ತು ಬಗೆಯಲ್ಲಿ ಊಹಿಸುತ್ತೇನೆ. ಈ ಸಲ ಗೌರಿ ಹಬ್ಬಕ್ಕೆ ಬಾಗಿನ ಕಳಿಸುವ ತೊಂದರೆ ತೆಗೆದುಕೊಳ್ಳಬೇಡ. ನಾನು ಕಾಯುವುದಿಲ್ಲ.

ಲತಾ


ಕೂಟಗಲ್
30-8-2005

ಲತಾ,

ನಿನ್ನ ಜೂನಿನ ಕಾಗದ ಬಂದ ದಿನವೇ ನಾನು ಬಸ್ಸು ಹತ್ತಿ ಕೋಡಿಹಳ್ಳಿಗೆ ಬಂದಿದ್ದೆ. ನಿನಗೆ ನಾಲ್ಕು ಬಾರಿಸಬೇಕೆಂದೇ ಬಂದಿದ್ದು. ನಿಮ್ಮೂರಲ್ಲಿ ಇಳಿದು, ಟೀ ಕುಡಿದು, ಟೀ ಅಂಗಡಿಯ ಬೆಂಚಿನಲ್ಲಿ ಎರಡು ಗಂಟೆ ಕೂತೆ. ಇವಳಿಗೆ ನಾನು ಹೊಡೆದರೆ ನನಗೆ ಹೊಡೆಯುವವರು ಯಾರು ಎಂದು ಹೊಳೆಯಿತು. ಅದೇ ಬಸ್ಸಿಗೆ ವಾಪಸ್ಸು ಬಂದೆ. ಎಲ್ಲಿಗೆ ಹೋಗಿದ್ದೆ ಎಂದು ನಿನ್ನ ಅತ್ತಿಗೆ ಕೇಳಿದ್ದಕ್ಕೆ ರಾಮನಗರಕ್ಕೆ ಎಂದೆ.

ನಾನು ನಿನ್ನನ್ನು ಕ್ಷಮಿಸಿಲ್ಲ. ಸುಳ್ಳು ಯಾಕೆ ಹೇಳಲಿ. ಒಂದು ಬಕೆಟ್ಟು ಬ್ಲೀಚಿಂಗ್ ನೀರಿನಲ್ಲಿ ಮುಗಿಯುತ್ತಿದ್ದ ಕೆಲಸ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆದರೆ ನಿನ್ನದು ಒಂದು ದಿನದ ಸುಳ್ಳು. ನಾನು ಎಂಟು ತಿಂಗಳು, ದಿನಾ, "ಅತ್ಲಾಗೋಗವ್ವ" ಎಂದೆ. ಬಾಯಿ ತೊಳೆಯದವರನ್ನು ನಲವತ್ತೈದು ವರ್ಷ ಒಳಕ್ಕೆ ಬಿಡದ ಹೆಂಗಸು, ಸಾವಿನ ಮನೆಯಿಂದ ಮೈ ತೊಳೆಯದೆ ಬಂದೆ ಎಂದರೆ ನಾನು ನಂಬಿಬಿಟ್ಟೆ. ನೀನಾದರೆ ಕಂಡಿದ್ದಕ್ಕೆಲ್ಲ ಅನುಮಾನ ಪಡುತ್ತೀಯ. ನಾನು ಪಡಬೇಕಾದ ಒಂದೇ ಕಡೆ ಪಡಲಿಲ್ಲ. ಸೈರನ್ ಆದ ತಕ್ಷಣ ಬಂದು ಗೋಡೆಗೆ ಒರಗಿ ಕೂರುತ್ತಿದ್ದಳು. ನಾನು ಸೊಪ್ಪು ಹಾಕಿ ಹೊರಗೆ ಬಂದರೆ "ತಿಂತಾವೇನ್ಲಾ?" ಎಂದು ಕೇಳುತ್ತಿದ್ದಳು. ನಾನು ಉತ್ತರ ಕೊಡುತ್ತಿರಲಿಲ್ಲ. ತಿಂತಾವೆ ಎನ್ನಲು ಏನು ಖರ್ಚಿತ್ತು ಲತಾ? ಒಂದು ದಿನವೂ ಹೇಳಲಿಲ್ಲ. ಕೊನೆಯ ದಿನ ಬೆಳಿಗ್ಗೆಯೂ ಕೇಳಿದ್ದಳು.

ಕಾರ್ಡು ಬಿಳಿ ಬಿಟ್ಟಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ನಿನ್ನ ಒಂಬತ್ತು ಸಾಲು ಪ್ರೆಸ್ಸಿಗೆ ಕೊಟ್ಟೆ, ಮೊಳೆ ಜೋಡಿಸುವ ಮುಂಚೆ ವಾಪಸ್ಸು ಇಸಕೊಂಡೆ. ಹತ್ತನೆಯದು ಹಾಕದೆ ಅಚ್ಚು ಹಾಕಿಸಲು ಮನಸ್ಸಾಗಲಿಲ್ಲ. ಹಾಕಿದರೆ ಅವ್ವ ಎಂಟು ತಿಂಗಳು ಮುಚ್ಚಿಟ್ಟಿದ್ದನ್ನು ನಾವೇ ಬೀದಿಗೆ ಹಾಕಿದ ಹಾಗೆ. ಎಡೆಗೆ ಬಂದವರು ಒಬ್ಬಿಬ್ಬರು ಕೇಳಿದರು. ಇನ್ನೊಂದು ಸೌಟು ಪಾಯಸ ಬಡಿಸಿದೆ.

ನೀನು ಬೇಡ ಎಂದ ಹಾಗೆ ಬಾಗಿನ ಕಳಿಸುವುದಿಲ್ಲ. ಬಂದು ತೆಗೆದುಕೊಂಡು ಹೋಗು. ಹುಳ ನಾಲ್ಕನೇ ಜ್ವರ ಎದ್ದಿವೆ, ಹೊರೆ ಹೊರೆ ಸೊಪ್ಪು ಬೇಕು. ನಿನ್ನ ಅತ್ತಿಗೆಗೆ ಸೊಂಟ ಹಿಡಿದುಕೊಂಡಿದೆ, ಕೈ ಸಾಲದು. ಸಿರಿಯನ್ನೂ ಕರೆದುಕೊಂಡು ಬಾ.

ಬರುವ ಮುಂಚೆ ಒಂದು ಕಾರ್ಡು ಹಾಕು. ನಿಮ್ಮ ಮನೆಯ ಹುಳ ಈಗ ಹೇಗಿವೆ ಬರೆ. ನಾನು ಏನಂದುಕೊಳ್ಳುತ್ತೇನೆ ಎಂದು ನೋಡಬೇಡ, ಇರುವುದನ್ನು ಇರುವ ಹಾಗೆ ಬರೆ. ಚೆನ್ನಾಗಿದ್ದರೆ ಬಾ. ರೋಗ ಬಂದಿದ್ದರೆ, ಬಂದಿದೆ ಎಂದು ಬರೆದು, ಆಮೇಲೂ ಬಾ.

ನಿನ್ನ ಅಣ್ಣ,
ಅನಂತರಾಜು